ಮದ್ದೂರಲ್ಲೊಂದು, ಮಳವಳ್ಳೀಲೊಂದು

ಗುತ್ತಲಿನ ಸ್ಟುಡಿಯೋ ಮಹದೇವ ಎರಡು ಮಡಿಕ್ಕೊಂಡಿದ್ದಾನೆ ಎಂಬ ಸುದ್ದಿ ಬುಧವಾರ ಬೆಳಗ್ಗೆ ಡೈರಿಯ ಹಾಲಿನ ಸಾಲಿನಲ್ಲಿ ಹುಟ್ಟಿತು. ಹಾಲು ಕಾಯುವ ಹೊತ್ತಿಗೆ ನಾಲ್ಕು ಬೀದಿ ದಾಟಿತು. ಮೊಸರಾಗುವ ಹೊತ್ತಿಗೆ ದುದ್ದದಲ್ಲಿದ್ದ ಅವನ ತಾಯಿಯ ಕಿವಿಯನ್ನೂ ಮುಟ್ಟಿತು. ಎರಡು ಏನು ಎಂದು ಒಬ್ಬರಾದರೂ ಕೇಳಬೇಕಲ್ಲ? ಕೇಳಲಿಲ್ಲ. ನಮ್ಮ ಮಂಡ್ಯದ ಕಡೆ ಗಂಡಸೊಬ್ಬ 'ಮಡಿಕ್ಕೊಂಡವ್ನೆ', ಅಂದರೆ ಇಟ್ಟುಕೊಂಡಿದ್ದಾನೆ, ಎಂದರೆ ಅದು ಕುರಿಯೂ ಅಲ್ಲ, ಕೋಳಿಯೂ ಅಲ್ಲ ಎನ್ನುವುದು ತೊಟ್ಟಿಲ ಮಗುವಿಗೂ ಗೊತ್ತು. ಒಂದು ಮದ್ದೂರಲ್ಲಂತೆ, ಒಂದು ಮಳವಳ್ಳೀಲಂತೆ. ಮದ್ದೂರಿನವಳು ತೆಳ್ಳಗಂತೆ, ಹೆಸರು ಗೌರಿಯಂತೆ. ಮಳವಳ್ಳಿಯವಳು ಒಸಿ ದಪ್ಪವಂತೆ, ಕಾವೇರಿಯಂತೆ. ಇಷ್ಟೊಂದು ವಿವರ ಇರುವ ಸುದ್ದಿ ಸುಳ್ಳಾಗುವುದಾದರೂ ಹೇಗೆ?

ಸುಳ್ಳಾಗಿರಲಿಲ್ಲ. ತಮಾಷೆ ಇರುವುದೇ ಅಲ್ಲಿ. ಮಹದೇವ ನಿಜವಾಗಿಯೂ ಎರಡು ಮಡಿಕ್ಕೊಂಡಿದ್ದ. ಆದರೆ ಗೌರಿ, ಕಾವೇರಿ ಇಬ್ಬರೂ ಅಂಗೈಯಗಲದ ಕಂಪ್ಯೂಟರ್ ಡಿಸ್ಕುಗಳು.

ಈ ಮಹದೇವ ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿಸಿ, 'ಪುಷ್ಪಾ ಡಿಜಿಟಲ್ ಸ್ಟುಡಿಯೋ' ಎಂದು ಹೆಂಡತಿಯ ಹೆಸರಿನಲ್ಲೇ ಬೋರ್ಡು ತೂಗುಹಾಕಿದ್ದವನು. ಮದುವೆ, ನಾಮಕರಣ, ಬೀಗರೂಟ, ಯಾವುದಕ್ಕೆ ಕರೆದರೂ ಕ್ಯಾಮರಾ ಹೆಗಲಿಗೇರಿಸಿ ಹೊರಡುತ್ತಿದ್ದ. ಕ್ಯಾಮರಾ ಕೈಯಲ್ಲಿದ್ದರೆ ಗಟ್ಟಿಗ. ಕ್ಯಾಮರಾ ಕೆಳಗಿಟ್ಟನೋ, ಅವನ ತಲೆ ಸಂತೆಯಲ್ಲಿ ತಪ್ಪಿಸಿಕೊಂಡ ಕರುವಿನ ಹಾಗೆ. ಒಮ್ಮೆ ಒಂದೇ ಬೀದಿಯಲ್ಲಿ ಎರಡು ಗೃಹಪ್ರವೇಶವಿದ್ದಾಗ, ಕರೆಯದ ಮನೆಯಲ್ಲಿ ನಿಂತು ಪೂರ್ತಿ ಹೋಮದ ವಿಡಿಯೋ ಮಾಡಿ, ಎರಡನೇ ಪಂಕ್ತಿಯಲ್ಲಿ ಹೋಳಿಗೆಯನ್ನೂ ಉಂಡು ಬಂದಿದ್ದ. ಆ ಮನೆಯವರು ಇವನನ್ನು ಯಾವುದೋ ಕಡೆಯ ನೆಂಟ ಎಂದುಕೊಂಡಿದ್ದರು.

ಅಂಥವನಿಗೆ ಡಿಸ್ಕಿನ ಚಿಂತೆ ಹತ್ತಿದ್ದು ಎದುರುಮನೆ ಮಂಗಳಮ್ಮನಿಂದ. ಮಂಗಳಮ್ಮನ ಮಗಳು ದೀಪಿಕಳ ಮದುವೆಯ ವಿಡಿಯೋ ಮಹದೇವನದೇ. ಧಾರೆ ಮುಗಿದ ಮೇಲೆ ಮಂಗಳಮ್ಮನ ತಾಯಿ ಸಣ್ಣತಾಯಮ್ಮ, ಡಿಜೆ ಹುಡುಗರನ್ನು ಗದರಿಸಿ ಬಾಯಿ ಮುಚ್ಚಿಸಿ, ಮೊಮ್ಮಗಳ ಪಕ್ಕ ಕುಳಿತು, ಹಲ್ಲಿಲ್ಲದ ಬಾಯಲ್ಲಿ ಸೋಬಾನೆ ಪದ ಹೇಳಿದ್ದಳು. ಮುಂದಿನ ತಿಂಗಳೇ ಮುದುಕಿ ನಿದ್ದೆಯಲ್ಲಿ ಹೊರಟುಹೋದಳು. ನೆಂಟರು ಫೋನಿನಲ್ಲಿ ಹಿಡಿದದ್ದರಲ್ಲೆಲ್ಲ ಊಟದ ಮನೆಯ ಗದ್ದಲವೇ ತುಂಬಿತ್ತು. ಆ ದನಿ ಚೊಕ್ಕಟವಾಗಿ ಉಳಿದಿದ್ದದ್ದು ಮಹದೇವನ ಕಂಪ್ಯೂಟರಿನಲ್ಲಿ ಮಾತ್ರ. ಹಾಡು, ಧಾರೆ, ಆಲ್ಬಮ್ ಎಲ್ಲ ಒಪ್ಪವಾಗಿ ಜೋಡಿಸಿಯೇ ಕೊಡುತ್ತೇನೆಂದು ಅವನು ಕೆಲಸ ಹಚ್ಚಿಕೊಂಡು ಕುಳಿತಿದ್ದ.

ಮಂಗಳಮ್ಮ ದಿನಾ ಬೆಳಗ್ಗೆ ಶಟರ್ ಬಳಿ ಬಂದು ಕೇಳುತ್ತಿದ್ದಳು. "ಮಾದೇವಣ್ಣ, ನಮ್ಮವ್ವ ಬದ್ರವಾಗವ್ಳಾ?"

"ಬದ್ರವಾಗವ್ರೆ ಕಣಕ್ಕ," ಎನ್ನುತ್ತಿದ್ದ ಮಹದೇವ. ಅಂದ ಕೂಡಲೇ ಒಳಗೆ ಹೋಗಿ, ಆ ಹಾಡು ಇನ್ನೂ ಇದೆಯೇ ಎಂದು ಒಮ್ಮೆ ಹಾಕಿ ನೋಡುತ್ತಿದ್ದ.

ಅದೇ ಸಮಯಕ್ಕೆ ಮಂಡ್ಯದ ಸಭಾಂಗಣವೊಂದರಲ್ಲಿ ಸೈಬರ್ ಜಾಗೃತಿ ಶಿಬಿರ ನಡೆಯಿತು. ಸ್ಟುಡಿಯೋದವರು, ಅಂಗಡಿಯವರು ಎಲ್ಲ ಬರಬೇಕೆಂದು ಮೈಕಿನಲ್ಲಿ ಕೂಗಿಸಿದ್ದರು. ಮಹದೇವ ಮುಂದಿನ ಸಾಲಿನಲ್ಲೇ ಕುಳಿತ. ಅಧಿಕಾರಿ ಮೇಡಂ ಮಾತು ಶುರು ಮಾಡಿದರು.

"ಹಳೇ ಕಾಲದ ಕಳ್ಳ ಬೀಗ ಒಡೀತಿದ್ದ. ಈ ಕಾಲದ ಕಳ್ಳ ಬೀಗ ಹಾಕ್ತಾನೆ! ನಿಮ್ಮ ಫೋಟೋ, ವಿಡಿಯೋ ಎಲ್ಲಾ ನಿಮ್ಮ ಕಂಪ್ಯೂಟರಿನಲ್ಲೇ ಇರ್ತವೆ. ಆದ್ರೆ ಮೇಲೆ ಅವನ ಬೀಗ. ಕೀ ಬೇಕಾದ್ರೆ ದುಡ್ಡು ಕಳಿಸು ಅಂತಾನೆ. ಕಳಿಸಿದ್ರೂ ಕೀ ಕೊಡ್ತಾನೆ ಅನ್ನೋ ನಂಬಿಕೆ ಇಲ್ಲ. ಇದಕ್ಕೆ ಇರೋದು ಒಂದೇ ಔಷಧಿ, ಬ್ಯಾಕಪ್. ಪ್ರತಿಯೊಬ್ಬರೂ ಮೂರು ಕಾಪಿ ಇಟ್ಕೊಳ್ಳಿ!"

ಮಹದೇವನ ಪಕ್ಕ ತೂಕಡಿಸುತ್ತಿದ್ದ ಹಿರಿಯರೊಬ್ಬರು ಥಟ್ಟನೆ ಎಚ್ಚೆತ್ತು, "ನಂಗೆ ಸಕ್ಕರೆ ಬ್ಯಾಡ ಕಣವ್ವ," ಎಂದರು.

ಮೇಡಂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಒಂದು ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಲ್ಲಿ, ಒಂದು ಬೇರೆ ಊರಲ್ಲಿ. ಕೆಲಸ ಆದ ಮೇಲೆ ಡಿಸ್ಕನ್ನ ಕಂಪ್ಯೂಟರಿಂದ ಬಿಚ್ಚಿ ಇಡಿ. ಎಲ್ಲಿ ಇಟ್ಟಿದೀರಿ ಅಂತ ಕಂಡೋರಿಗೆಲ್ಲ ಹೇಳ್ಕೊಂಡು ತಿರುಗಬೇಡಿ."

ಮಹದೇವ ಈ ಮಾತನ್ನು ವೇದವಾಕ್ಯ ಮಾಡಿಕೊಂಡ. ಒಂದು ಊರು ಎಂದಿದ್ದಕ್ಕೆ ಎರಡು ಊರು ಹಿಡಿದ. ಕಂಡೋರಿಗೆ ಹೇಳಬೇಡಿ ಎಂದಿದ್ದಕ್ಕೆ ಕಟ್ಟಿಕೊಂಡವಳಿಗೂ ಹೇಳಲಿಲ್ಲ. ಪುಷ್ಪಾಗೆ ಹೇಳಿದರೆ ಅದು ಮಂಗಳಮ್ಮನಿಗೆ ಹೇಳಿದ ಹಾಗೆ, ಮಂಗಳಮ್ಮನಿಗೆ ಹೇಳುವ ಬದಲು ಶಿಬಿರದ ಮೈಕಿನಲ್ಲೇ ಕೂಗಿಸಬಹುದಿತ್ತು ಎಂಬುದು ಅವನ ಲೆಕ್ಕಾಚಾರ.

ಎರಡು ಡಿಸ್ಕು ತಂದ. ಇದಕ್ಕೊಂದು ಹೆಸರು ಕೊಡು ಎಂದು ಕಂಪ್ಯೂಟರ್ ಕೇಳಿತು. ಹೆಸರು ಎಂದ ಕೂಡಲೇ ದುದ್ದದ ಹಟ್ಟಿಯಲ್ಲಿ ತಾನು ಮೇಯಿಸಿದ ಎರಡು ಹಸುಗಳು ನೆನಪಾಗಿ, ಗೌರಿ, ಕಾವೇರಿ ಎಂದು ಒತ್ತಿದ. ಧೂಳು ಕೂರಬಾರದೆಂದು ನಾಗರತ್ನಳ ಬಟ್ಟೆ ಅಂಗಡಿಯಿಂದ ಎರಡು ರವಿಕೆ ಕಣ ತಂದು, ಗೌರಿಗೆ ಹಸಿರು, ಕಾವೇರಿಗೆ ಕೆಂಪು ಸುತ್ತಿದ. ಗೌರಿ ಮದ್ದೂರಿನಲ್ಲಿ ಟಿಫಿನ್ ಹೋಟೆಲ್ ಇಟ್ಟಿದ್ದ ಬಾಲ್ಯದ ಗೆಳೆಯ ಜವರಯ್ಯನ ವಶಕ್ಕೆ ಹೋಯಿತು. ಕಾವೇರಿ ಮಳವಳ್ಳಿಯಲ್ಲಿದ್ದ ಅವನ ಹಳೇ ಮೇಷ್ಟ್ರಮ್ಮ ದೇವಿರಮ್ಮನವರ ಮನೆ ಸೇರಿತು. ವಾರಕ್ಕೊಮ್ಮೆ ಹೋಗಿ ಕರೆತಂದು, ಹೊಸದನ್ನೆಲ್ಲ ತುಂಬಿಸಿ, ಬಿಟ್ಟು ಬರುವುದು. ಮಹದೇವನ ಜೀವನದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಟು ಇನ್ನೊಂದಿರಲಿಲ್ಲ.

ಇಂಥ ಸಾಧನೆಯನ್ನು ಯಾರಿಗೂ ಹೇಳದೆ ಇರುವುದೆಂದರೆ ಬಿಸಿ ಮುದ್ದೆಯನ್ನು ಬಾಯಲ್ಲಿಟ್ಟುಕೊಂಡು ನುಂಗದೆ ಕೂತ ಹಾಗೆ. ಮಂಗಳವಾರ ಸಂಜೆ ದುದ್ದದ ಫೋಟೋಗ್ರಾಫರ್ ಸ್ವರೂಪ್ ಫೋನ್ ಮಾಡಿದಾಗ ತಡೆಯಲಾಗಲಿಲ್ಲ. ಅವನೂ ಶಿಬಿರಕ್ಕೆ ಬಂದಿದ್ದವನೇ, ಹಾಗಾಗಿ ಕಂಡೋನ ಲೆಕ್ಕಕ್ಕೆ ಬರುವುದಿಲ್ಲ. ಮಹದೇವ ಶಟರನ್ನು ಅರ್ಧ ಎಳೆದು, ದನಿ ತಗ್ಗಿಸಿ ಮಾತಿಗೆ ಕೂತ. ದನಿ ತಗ್ಗಿಸಿದರೆ ಗುತ್ತಲಿನಲ್ಲಿ ಇನ್ನೂ ಚೆನ್ನಾಗಿ ಕೇಳಿಸುತ್ತದೆ. ಹೆಪ್ಪಿಗೆ ಒಂಚೂರು ಮೊಸರು ಕೇಳಲು ಬಟ್ಟಲು ಹಿಡಿದು ಬಂದ ಮಂಗಳಮ್ಮ ಶಟರಿನ ಆಚೆ ನಿಂತೇಬಿಟ್ಟಳು.

"ಊಂ ಕಣ್ಲಾ, ಎರಡು ಮಡಿಕ್ಕೊಂಡಿವ್ನಿ. ಗೌರೀನ ಮದ್ದೂರಲ್ಲಿ, ಕಾವೇರೀನ ಮಳವಳ್ಳೀಲಿ... ಇಲ್ಲ ಕಣ್ಲಾ, ಪುಷ್ಪಂಗೆ ಏಳಿಲ್ಲ, ಏಳಬಾರದು ಅಂತಲೇ ಅದೆಯಲ್ಲ... ಮನೇಲಿರೋದನ್ನೇ ನಂಬ್ಕೊಂಡು ಕುಂತ್ರೆ ಆಯ್ತದಾ? ಅದೂ ಅಳೇದಾಯ್ತು. ಒಸಿ ಕೆಲ್ಸ ಏಳುದ್ರೆ ಸಾಕು, ಬಿಸಿಯಾಯ್ತದೆ, ಗರ್ರ್ ಅಂತದೆ, ಮಾತೇ ಕೇಳಲ್ಲ. ಯಾವತ್ತು ಕೈಕೊಡ್ತದೋ... ಗೌರಿ ತೆಳ್ಳಗವ್ಳೆ, ಚುರುಕು. ಕಾವೇರಿ ಒಸಿ ದಪ್ಪ, ಆದ್ರೆ ಎಷ್ಟಾದ್ರೂ ತಡ್ಕೋತಾಳೆ... ವಾರ ವಾರ ಓಗ್ಲೇಬೇಕು ಕಣ್ಲಾ. ಓಗ್ದಿದ್ರೆ ಮಡಿಕ್ಕೊಂಡೂ ಏನ್ ಪ್ರಯೋಜನ?"

ಮಂಗಳಮ್ಮ ಖಾಲಿ ಬಟ್ಟಲು ಹಿಡಿದುಕೊಂಡೇ ಹಿಂದಿರುಗಿದಳು. ಆ ದಿನ ಅವಳ ಮನೆಯ ಹಾಲು ಮೊಸರಾಗಲಿಲ್ಲ. ಮರುದಿನ ಬೆಳಗ್ಗೆ ಡೈರಿ ಸಾಲಿನಲ್ಲಿ ಏನಾಯಿತೆಂದು ಆಗಲೇ ಹೇಳಿದ್ದೇನೆ. ಅಲ್ಲಿ ಹೇಳಿಯಾದ ಮೇಲೆ, ಪುಷ್ಪಾಗೆ ಬೇರೆಯವರ ಬಾಯಿಂದ ಗೊತ್ತಾದರೆ ಚೆನ್ನಾಗಿರುವುದಿಲ್ಲ ಎಂದು ಮಂಗಳಮ್ಮ ಖುದ್ದಾಗಿ ಬಂದಳು.

"ಪುಸ್ಪಾ, ನಾನಂತೂ ಏನೂ ಏಳಲ್ಲ ಕಣವ್ವ."

"ಏನ್ ಏಳಲ್ಲ ಮಂಗಳಕ್ಕ?"

"ಮದ್ದೂರಿಂದೂ ಏಳಲ್ಲ, ಮಳವಳ್ಳೀದೂ ಏಳಲ್ಲ."

ಏನೂ ಹೇಳದೆ ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಪುಷ್ಪಾ ಮೊದಲು ನಂಬಲಿಲ್ಲ. ತನ್ನ ಗಂಡನಿಗೆ ಒಂದು ಮನೆಯ ಗ್ಯಾಸ್ ಬುಕ್ ಮಾಡುವುದೇ ನೆನಪಿರುವುದಿಲ್ಲ, ಇನ್ನು ಮೂರು ಮನೆ ತೂಗಿಸುತ್ತಾನೆಯೇ ಎಂಬುದು ಅವಳ ವಾದ. ನ್ಯಾಯವಾದ ವಾದವೇ. ಆದರೆ ಆ ಸಂಜೆ ಅಂಗಡಿ ನಾಗರತ್ನ ಎದುರಾಗಿ, "ನಿಮ್ಮೆಜಮಾನ್ರು ಎರಡು ರವಿಕೆ ಕಣ ತಗಂಡೋದ್ರಲ್ಲ, ವಲಿಸಿದ್ರಾ?" ಎಂದು ನಗುನಗುತ್ತಾ ಕೇಳಿದಾಗ ಪುಷ್ಪಾಳ ನಗು ನಿಂತುಹೋಯಿತು. ನಂಬಿಕೊಂಡ ಮನುಷ್ಯ ಹೀಗೆ ಮಾಡಬಹುದೇ ಎಂದು ಅವಳಿಗೆ ಹೊಟ್ಟೆ ಉರಿಯಿತು, ಅಳುವೂ ಬಂತು. ಅಳುವುದು ಅವಳ ಜಾಯಮಾನವಲ್ಲ. ಅದರ ಬದಲು ರಾಗಿ ಹಿಟ್ಟು ಅಳೆದಳು.

ಗುರುವಾರ ಮಧ್ಯಾಹ್ನ ಮಹದೇವ ತಟ್ಟೆಯ ಮುಂದೆ ಕುಳಿತ. ಮುದ್ದೆ ಬಂತು. ಸಾರು ಬರಲಿಲ್ಲ.

"ಸಾರು?" ಎಂದ ಮಹದೇವ.

"ಮದ್ದೂರಲ್ಲಿ ಆಕಿಸ್ಕೊಳ್ಳಿ," ಎಂದಳು ಪುಷ್ಪಾ. "ಉಪ್ಪಿನಕಾಯಿ ಬೇಕಾದ್ರೆ ಮಳವಳ್ಳಿಗೋಗಿ."

ಮಹದೇವನ ಮುಖ ಬಿಳುಚಿಕೊಂಡಿತು. ಮದ್ದೂರು! ಮಳವಳ್ಳಿ! ಎರಡು ಜಾಗವೂ ಬಯಲಾಗಿದೆ! ಅವನ ತಲೆಗೆ ಹೊಳೆದದ್ದು ಒಂದೇ: ಸೈಬರ್ ಕಳ್ಳರು ಮನೆಯೊಳಗೇ ನುಗ್ಗಿದ್ದಾರೆ.

"ಯಾರೇ ಏಳಿದ್ದು ನಿಂಗೆ? ಇದು ಯಾರ್ಗೂ ಗೊತ್ತಾಗಬಾರದಿತ್ತು!"

"ಓಹೋ! ಗೊತ್ತಾಗಬಾರದಿತ್ತಾ?"

"ಗೊತ್ತಾದ್ರೆ ಅವ್ಕೆ ಅಪಾಯ ಕಣೇ! ಮೊದ್ಲು ಜಾಗ ಬದ್ಲಾಯಿಸ್ಬೇಕು!"

ಕಳ್ಳನಾದವನು ಸಿಕ್ಕಿಬಿದ್ದಾಗ ಕಾಲು ಹಿಡಿಯುತ್ತಾನೆ, ಸುಳ್ಳು ಹೇಳುತ್ತಾನೆ. ಇವನು ಅವರ ಕ್ಷೇಮಕ್ಕಾಗಿ ಹಂಬಲಿಸುತ್ತಿದ್ದಾನೆ. ಪುಷ್ಪಾ ಆ ಮುದ್ದೆಯನ್ನೂ ತಟ್ಟೆಯಿಂದ ಎತ್ತಿಕೊಂಡು ಹೋದಳು.

ಶುಕ್ರವಾರ ಮಹದೇವ ಮದ್ದೂರಿಗೆ ಓಡಿದ. ಪುಷ್ಪಾಳ ಸೋದರಮಾವ ಮುದ್ದಯ್ಯ ಅದೇ ಹೊತ್ತಿಗೆ ಜವರಯ್ಯನ ಹೋಟೆಲಿನಲ್ಲಿ ಕುಳಿತು ವಡೆ ತಿನ್ನುತ್ತಿದ್ದ ಎನ್ನುವುದನ್ನು ವಿಧಿಯ ಆಟವೆನ್ನಬೇಕೋ, ಜವರಯ್ಯನ ವಡೆಯ ಮಹಿಮೆಯೆನ್ನಬೇಕೋ ತಿಳಿಯದು. ಮುದ್ದಯ್ಯ ಕಂಬದ ಮರೆಯಲ್ಲಿದ್ದ. ಮಹದೇವ ಅವನನ್ನು ನೋಡಲಿಲ್ಲ.

"ಲೇ ಜವರ, ಗೌರಿ ಎಲ್ಲವ್ಳೆ?"

"ಒಳಗೆ ಬೆಚ್ಚಗೆ ಮಲಗವ್ಳೆ ಕಣ್ಲಾ. ಕರ್ಕೊಂಡೋಯ್ತೀಯಾ?"

"ಊಂ, ಇವತ್ತೊಂದಿನ ಮನೇಲಿರ್ಲಿ. ನಾಳೆ ತಂದು ಬುಡ್ತೀನಿ."

ಮುದ್ದಯ್ಯನಿಗೆ ವಡೆ ಗಂಟಲಲ್ಲಿ ಸಿಕ್ಕಿಕೊಂಡಿತು. ಎರಡು ಲೋಟ ನೀರು ಕುಡಿದು ಉಸಿರು ಬರುವ ಹೊತ್ತಿಗೆ ಮಹದೇವ ಗೌರಿಯನ್ನು ಜೇಬಿಗೆ ಹಾಕಿಕೊಂಡು ಹೊರಟುಹೋಗಿದ್ದ. ಹೆಂಗಸು ಹಿಂದಿನ ಬಾಗಿಲಿನಿಂದ ಹೋಗಿರಬೇಕೆಂದು ಮುದ್ದಯ್ಯ ತೀರ್ಮಾನಿಸಿದ.

ಮನೆಗೆ ಬಂದ ಮಹದೇವ ಗೌರಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದ, ಹೊಸ ಕೆಲಸವನ್ನೆಲ್ಲ ತುಂಬಿಸಿದ. ಶನಿವಾರ ಮತ್ತೆ ಹಸಿರು ಕಣದಲ್ಲಿ ಸುತ್ತಿ ಮದ್ದೂರಿಗೆ ಬಿಟ್ಟು ಬಂದ. ಬೇರೆ ಜಾಗ ಸಿಗುವವರೆಗೆ ಅಲ್ಲೇ ಇರಲಿ, ಆದರೆ ಯಾರು ಕೇಳಿದರೂ ಕೊಡಬೇಡ ಎಂದು ಜವರಯ್ಯನಿಂದ ಭಾಷೆ ತೆಗೆದುಕೊಂಡ. ಆ ಸಂಜೆ ಟಿವಿ ರಿಮೋಟ್ ಕಾಣಲಿಲ್ಲ. ಪುಷ್ಪಾ ದಿಂಬಿನಡಿ, ಮಂಚದಡಿ, ಅಕ್ಕಿ ಡಬ್ಬದ ಹಿಂದೆ, ಎಲ್ಲ ಕಡೆ ಹುಡುಕಿದಳು.

"ಯಾಕೆ, ರಿಮೋಟೂ ಮದ್ದೂರೋಳಿಗೆ ಕೊಟ್ಟು ಬಂದ್ರಾ?" ಎಂದು ಗಂಡನನ್ನು ಕೇಳಿದಳು.

ಅವಳು ಸಿಟ್ಟಿಗೆ ಅಂದದ್ದು. ಈ ಮಾತನ್ನು ನೆನಪಿಟ್ಟುಕೊಂಡಿರಿ.

ಭಾನುವಾರ ಬೆಳಗ್ಗೆ ಪಂಚಾಯ್ತಿ. ಮುದ್ದಯ್ಯ ನಡುಮನೆಯ ಕುರ್ಚಿಯಲ್ಲಿ ನ್ಯಾಯಾಧೀಶನಂತೆ ಕುಳಿತ. ದುದ್ದದಿಂದ ಮಹದೇವನ ತಾಯಿ ಮಾಯಮ್ಮ ಮೊದಲ ಬಸ್ಸಿಗೇ ಬಂದಿಳಿದಿದ್ದಳು. ಮಂಗಳಮ್ಮ ಹೆಪ್ಪಿನ ಬಟ್ಟಲು ಹಿಡಿದುಕೊಂಡೇ ಹಾಜರಾದಳು. ಪುಷ್ಪಾಳ ತಮ್ಮ ಪ್ರಸನ್ನನಿಗೆ ಮೊಬೈಲ್ ರೀಚಾರ್ಜ್ ಅಂಗಡಿಯಿತ್ತು. ಅದೊಂದೇ ಕಾರಣಕ್ಕೆ ಮನೆಮಂದಿಯೆಲ್ಲ ಅವನನ್ನು ಕಂಪ್ಯೂಟರ್ ಪಂಡಿತ ಎಂದು ಒಪ್ಪಿಕೊಂಡಿದ್ದರು. ಭಾವ ಸ್ನಾನಕ್ಕೆ ಹೋದದ್ದೇ ತಡ, ಪ್ರಸನ್ನ ಸಾಕ್ಷಿ ಹುಡುಕಲು ಸ್ಟುಡಿಯೋ ಕಂಪ್ಯೂಟರಿನ ಮುಂದೆ ಕುಳಿತ. ಅದರ ಇ-ಮೇಲಿನಲ್ಲಿ ಒಂದು ಪತ್ರ ಬಂದು ಬಿದ್ದಿತ್ತು. ಕಳಿಸಿದವರು ಯಾರೋ ಗೊತ್ತಿಲ್ಲ, ಕನ್ನಡವೂ ಸೊಟ್ಟ: 'ನಿನ್ನ ಗುಟ್ಟಿನ ಫೋಟೋಗಳು ಇಲ್ಲಿ ಇರುತ್ತದೆ ಬೇಗ ಒತ್ತಿ.'

"ಅಕ್ಕಾ, ಸಿಕ್ತು!" ಎಂದು ಕೂಗಿದ ಪ್ರಸನ್ನ ಒಂದು ಸಲ ಒತ್ತಿದರೆ ಸಾಲದೆಂದು ಮೂರು ಸಲ ಒತ್ತಿದ.

ಪರದೆ ಕೆಂಪಗಾಯಿತು. ನಡುವೆ ಒಂದು ದೊಡ್ಡ ಬೀಗದ ಚಿತ್ರ ಬಂತು. ಪ್ರಸನ್ನ ನಡುಮನೆಗೆ ಓಡಿಬಂದು, "ಭಾವ ಎಲ್ಲಾದ್ಕೂ ಬೀಗ ಜಡಿದವ್ರೆ! ಗುಟ್ಟಿಲ್ದೋರು ಬೀಗ ಯಾಕಾಕ್ತಾರೆ?" ಎಂದ.

ತಲೆ ಒರೆಸಿಕೊಳ್ಳುತ್ತಾ ಬಂದ ಮಹದೇವನನ್ನು ಮುದ್ದಯ್ಯ ಮುಂದೆ ನಿಲ್ಲಿಸಿಕೊಂಡ.

"ಲೇ ಮಾದೇವ, ಸುತ್ತಿಬಳಸಿ ಮಾತು ಬ್ಯಾಡ. ಎರಡು ಮಡಿಕ್ಕೊಂಡಿದೀಯೋ, ಇಲ್ವೋ?"

ಮಹದೇವ ಎಲ್ಲರ ಮುಖ ನೋಡಿದ. ಗುಟ್ಟು ಹೇಗೂ ರಟ್ಟಾಗಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಎದೆಯುಬ್ಬಿಸಿ ಹೇಳಿದ, "ಮಡಿಕ್ಕೊಂಡಿವ್ನಿ ಮಾವ."

"ಅಯ್ಯಯ್ಯಪ್ಪಾ! ಎದೆ ಉಬ್ಬಿಸ್ಕೊಂಡು ಏಳ್ತಾನಲ್ಲಾ!" ಎಂದಳು ಮಂಗಳಮ್ಮ.

"ಯಾಕ್ಲಾ ಮಡಿಕ್ಕೊಂಡೆ? ಮನೇಲಿರೋದ್ಕೆ ಏನಾಗಿತ್ತು?"

"ಇವತ್ತೇನೂ ಆಗಿಲ್ಲ ಮಾವ. ನಾಳೆ ಕೆಟ್ಟೋದ್ರೆ? ಆವಾಗ ಎಲ್ಲೋಗ್ಲಿ?"

ಪುಷ್ಪಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಪ್ರಸನ್ನ ಅಕ್ಕನ ಕೈಗೆ ಎಟುಕುವಂತಿದ್ದ ಲಟ್ಟಣಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ನಾನೊಬ್ನೇ ಅಲ್ಲ," ಎಂದು ಮಹದೇವ ಮುಂದುವರಿಸಿದ, "ಸರ್ಕಾರದೋರೇ ಕರೆಸಿ ಏಳವ್ರೆ, ಪ್ರತಿಯೊಬ್ರೂ ಮೂರು ಮಡಿಕ್ಕೊಳ್ಳಿ ಅಂತ. ನಾನು ಮನೇದೂ ಸೇರ್ಸಿ ಮೂರಕ್ಕೇ ನಿಲ್ಸಿವ್ನಿ."

"ಸರ್ಕಾರದೋರಾ?" ಮುದ್ದಯ್ಯ ಕುರ್ಚಿಯಲ್ಲಿ ಮುಂದೆ ಬಾಗಿದ. ಅವನ ದನಿಯಲ್ಲಿದ್ದ ಸಿಟ್ಟು ಎಲ್ಲೋ ಹೋಗಿ ಬೇರೇನೋ ಬಂದಿತ್ತು. "ಯಾವಾಗ್ಲಾ ಬಂತು ಈ ಕಾನೂನು? ವಯಸ್ಸಾದೋರ್ಗೂ ಉಂಟಾ?"

ಅಷ್ಟರಲ್ಲಿ ಮಾಯಮ್ಮ ಬಾಯಿ ತೆರೆದಳು. ಬಂದಾಗಿನಿಂದ ಎಲೆಯಡಿಕೆ ಮೆಲ್ಲುತ್ತಾ ಅವಳು ಯೋಚಿಸುತ್ತಲೇ ಇದ್ದಳು.

"ಅದೇನೋ ಎಸ್ರು ಏಳುದ್ರಲ್ಲ, ಏನಂದ್ರಿ?"

"ಗೌರಿ, ಕಾವೇರಿ ಕಣತ್ತೆ," ಎಂ‌ದಳು ಪುಷ್ಪಾ ಹಲ್ಲು ಕಚ್ಚಿ.

"ಗೌರಿ ಒಸಿ ತೆಳ್ಳಗೆ, ಕಾವೇರಿ ದಪ್ಪ?"

"ಊಂ."

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ಅವು ನಮ್ಮಟ್ಟೀಲಿದ್ದ ಅಸ ಕಣ್ರವ್ವ! ಗೌರಿ ಒದೆಯೋದು. ಕಾವೇರಿ ಎರಡೂ ಒತ್ತು ಆಲು ಕೊಡೋದು. ಸತ್ತು ಎಷ್ಟು ಕಾಲವಾಯ್ತು! ಲೇ ಮಾದೇವ, ಸತ್ತ ಅಸೀನ ಮದ್ದೂರಲ್ಲಿ ಎಂಗ್ಲಾ ಮಡಿಕ್ಕೊಂಡೆ?"

ಆಗ ಮಹದೇವನಿಗೆ ಇವರೆಲ್ಲ ಏನೆಂದುಕೊಂಡಿದ್ದಾರೆ ಎಂದು ಮೆಲ್ಲಮೆಲ್ಲನೆ ಅರ್ಥವಾಯಿತು. ಕಿವಿಯವರೆಗೂ ಕೆಂಪಗಾದ. ಡಿಸ್ಕು, ಬ್ಯಾಕಪ್ಪು, ಬೀಗ ಹಾಕುವ ಕಳ್ಳ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮುದ್ದಯ್ಯ ನಿರಾಸೆಯಿಂದ ಕುರ್ಚಿಗೆ ಒರಗಿದ. ಬೀಗದ ಮಾತು ಬಂದ ಕೂಡಲೇ ಪ್ರಸನ್ನನ ಮುಖದ ಬಣ್ಣ ಹೋಯಿತು.

"ಭಾವ... ಆ ಬೀಗ ಕೆಂಪಗಿರ್ತದಾ?"

ಎಲ್ಲರೂ ಸ್ಟುಡಿಯೋಗೆ ಓಡಿದರು. ಮಹದೇವ ಪರದೆ ನೋಡಿದವನೇ ಸ್ಟೂಲಿನ ಮೇಲೆ ಕುಸಿದ. ಒಂದು ಫೋಟೋ ತೆರೆಯದು, ಒಂದು ವಿಡಿಯೋ ತೆರೆಯದು. ಕೀ ಬೇಕಾದರೆ ಇಂತಿಷ್ಟು ಹಣ ಕಳಿಸು ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಯಾವೂರೋನಂತೆ ಅವ್ನು?" ಎಂದ ಮುದ್ದಯ್ಯ. "ಫೋನಾಕು. ನಾನು ಮಾತಾಡಿ ಅರ್ಧಕ್ಕೆ ಒಪ್ಪಿಸ್ತೀನಿ."

"ದುಡ್ಡು ಕೊಟ್ರೂ ಅವ್ನು ಬೀಗ ತೆಗೆಯಲ್ಲ ಮಾವ!"

ಮಂಗಳಮ್ಮನ ಕೈಯಿಂದ ಬಟ್ಟಲು ಕೆಳಗೆ ಬಿತ್ತು. "ಮಾದೇವಣ್ಣ... ನಮ್ಮವ್ವ?"

ಊರಿಗೆಲ್ಲ ಸುದ್ದಿ ಹಂಚಿದ ಹೆಂಗಸು ಅಲ್ಲೇ ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಪುಷ್ಪಾಗೆ ಅವಳ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣವೇ ಇಳಿದುಹೋಯಿತು. ಹೋಗಿ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು. ಮಹದೇವ ಸ್ಟೂಲಿನಿಂದ ಎದ್ದ. ಅವನ ಇಡೀ ಆಯುಷ್ಯದಲ್ಲಿ ಹೀಗೆ ಎದ್ದು ನಿಲ್ಲುವ ಸಂದರ್ಭ ಬಂದಿರಲಿಲ್ಲ.

"ಮಂಗಳಕ್ಕ, ಅಳಬ್ಯಾಡ. ಮದ್ದೂರಲ್ಲಿ ಗೌರಿ ಅವ್ಳೆ!"

"ನಡೀರಿ ಮತ್ತೆ," ಎಂದಳು ಪುಷ್ಪಾ. "ಆ ಗೌರೀನ ನಾನೂ ಕಣ್ಣಾರೆ ನೋಡ್ಬೇಕು."

ಪ್ರಸನ್ನನ ಓಮ್ನಿಯಲ್ಲಿ ಎಲ್ಲರೂ ಒತ್ತರಿಸಿಕೊಂಡು ಕುಳಿತರು. ಪ್ರಾಯಶ್ಚಿತ್ತಕ್ಕೆಂದು ಪ್ರಸನ್ನ ತನ್ನ ಲ್ಯಾಪ್‌ಟಾಪನ್ನೂ ತಂದ. ಮದ್ದೂರಿನ ಹೋಟೆಲಿನ ಮುಂದೆ ಇಷ್ಟು ಜನ ದಡದಡನೆ ಇಳಿದದ್ದು ಕಂಡು ಜವರಯ್ಯ ವಡೆಗೆ ಹಿಟ್ಟು ಸಾಲುತ್ತದೋ ಇಲ್ಲವೋ ಎಂದು ಗಾಬರಿಯಾದ. ಮಹದೇವ ಗೌರಿಯನ್ನು ಕೇಳಿದ. ಜವರಯ್ಯ ಅಲ್ಲಾಡಲಿಲ್ಲ.

"ಯಾರು ಕೇಳಿದ್ರೂ ಕೊಡಬ್ಯಾಡ ಅಂದಿದ್ದೆ ನೀನು."

"ಕೇಳ್ತಿರೋನು ನಾನೇ ಕಣ್ಲಾ!"

"ನೀನೂ ಯಾರೋ ಒಬ್ನೇ ಅಲ್ವಾ? ಬಾಸೆ ಅಂದ್ರೆ ಬಾಸೆ."

ಕೊನೆಗೆ ಮಾಯಮ್ಮ ಗದರಿದ ಮೇಲೆ ಒಳಗೆ ಹೋಗಿ, ಹಸಿರು ಕಣದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮಹದೇವ ಎಲ್ಲರೆದುರು ಗಂಟು ಬಿಚ್ಚಿದ. ಒಳಗೆ ಉದ್ದಕ್ಕೆ, ಕಪ್ಪಗೆ, ಮೈತುಂಬ ಗುಂಡಿಗಳಿದ್ದ ಒಂದು ವಸ್ತು.

"ನನ್ ರಿಮೋಟು!" ಎಂದು ಕಿರುಚಿದಳು ಪುಷ್ಪಾ.

ಜವರಯ್ಯ ಅದನ್ನು ಹಿಂದಿನ ದಿನದಿಂದ ಅಕ್ಕಿ ಡಬ್ಬದ ಮೇಲೆ, ಯಾರೂ ಮುಟ್ಟದಂತೆ ಕಾವಲು ಕಾದಿದ್ದ. ಮಹದೇವ ತಲೆ ಮೇಲೆ ಕೈ ಹೊತ್ತ. ರಿಮೋಟ್ ಇಲ್ಲಿದೆ ಎಂದರೆ ಗೌರಿ ಎಲ್ಲಿ? ಗೌರಿ ಇನ್ನೂ ಕಂಪ್ಯೂಟರಿನ ಹಿಂದೆ ಸಿಕ್ಕಿಸಿದ ಹಾಗೇ ಇದ್ದಾಳೆ. ಬಿಚ್ಚಿ ಇಡಿ ಎಂದು ಮೇಡಂ ಹೇಳಿದ್ದರು. ಬಿಚ್ಚಿರಲಿಲ್ಲ. ಕಂಪ್ಯೂಟರಿಗೆ ಬಿದ್ದ ಬೀಗ ಗೌರಿಗೂ ಬಿದ್ದಿರುತ್ತದೆ.

"ಇನ್ನೊಂದ್ ಅದೆಯಲ್ಲ?" ಪುಷ್ಪಾ ಗಂಡನ ತೋಳು ಹಿಡಿದಳು. "ಮಳವಳ್ಳೀದು?"

"ಅದೆ," ಎಂದ ಮಹದೇವ. ದನಿ ಸಣ್ಣಗಾಗಿತ್ತು. ತನ್ನ ಕೈಯಿಂದ ಸುತ್ತಿಟ್ಟ ಇನ್ನೊಂದು ಗಂಟಿನಲ್ಲಿ ಏನಿರುತ್ತದೋ ಎಂದು ಅವನಿಗೇ ನಂಬಿಕೆ ಉಳಿದಿರಲಿಲ್ಲ. ಮಂಗಳಮ್ಮ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳು ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಎಲ್ಲರಿಗೂ ಅದೇ ಹೆಚ್ಚು ಹೆದರಿಕೆಯಾಯಿತು.

ಮಳವಳ್ಳಿಯಲ್ಲಿ ದೇವಿರಮ್ಮ ಮೇಡಂ ಬಾಗಿಲು ತೆರೆದು ಕನ್ನಡಕದ ಮೇಲಿಂದ ನೋಡಿದರು. "ಏನೋ ಮಹದೇವ, ಇಷ್ಟೊಂದು ಜನ? ಬಾಲ್ಯದಲ್ಲೂ ಹೀಗೇ, ನೀನು ಪಾಠ ಓದದೆ ಬಂದ ದಿನ ಇಡೀ ಬೆಂಚನ್ನೇ ಜೊತೆಗೆ ಕರ್ಕೊಂಡು ನಿಲ್ತಿದ್ದೆ."

"ಮೇಡಂ, ಕಾವೇರಿ..."

ಅವರು ದೇವರ ಗೂಡಿನ ಕಡೆ ಕೈ ತೋರಿಸಿದರು. ಕೆಂಪು ಕಣದ ಗಂಟು ದೇವರ ಪಟದ ಪಕ್ಕದಲ್ಲಿತ್ತು. ಮೇಲೆ ಕುಂಕುಮ, ಒಂದೆರಡು ಮಲ್ಲಿಗೆ. "ಇದರಲ್ಲೊಂದು ಹಿರಿಯ ಜೀವದ ದನಿ ಇದೆ ಮೇಡಂ ಅಂತ ನೀನೇ ಹೇಳಿದ್ದಲ್ಲೋ? ಅಂಥದ್ದನ್ನ ಬೀರುವಿನಲ್ಲಿ ಇಡೋಕೆ ಮನಸ್ಸು ಬರಲಿಲ್ಲ. ಬರುವಾಗೆಲ್ಲ ನೀನು ತರೋ ಹೂವನ್ನ ಅದಕ್ಕೇ ಇಡ್ತಿದ್ದೆ."

ಮಂಗಳಮ್ಮ ಮಹದೇವನ ಮುಖ ನೋಡಿದಳು. ಅವನು ನೆಲ ನೋಡುತ್ತಾ ಗಂಟು ಬಿಚ್ಚಿದ. ಒಳಗೆ ಇದ್ದದ್ದು ಕಾವೇರಿಯೇ!

"ಬೇಗ ನಡೀರಿ, ಮನೆಗೋಗಿ ಕಂಪ್ಯೂಟರ್‌ಗೆ ಸಿಕ್ಕಿಸ್ತೀನಿ," ಎಂದು ಮಹದೇವ ಬಾಗಿಲ ಕಡೆ ಓಡಿದ. ಪುಷ್ಪಾ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ರೋಗ ಬಂದಿರೋ ಕೊಟ್ಟಿಗೇಲಿ ತಂದು ಚೆನ್ನಾಗಿರೋ ಅಸೀನ ಕಟ್ತಾರೇನ್ರೀ?"

ಶಿಬಿರದ ಮೇಡಂ ಇದ್ದಿದ್ದರೆ ಪುಷ್ಪಾಗೆ ಅಲ್ಲೇ ಶಾಲು ಹೊದಿಸುತ್ತಿದ್ದರು. ಪ್ರಸನ್ನನ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟರು. ಪ್ರಸನ್ನ ಒತ್ತಲು ಬೆರಳು ಚಾಚಿದ. "ನೀನು ಮಾತ್ರ ಮುಟ್ಟಬ್ಯಾಡ ಕಣ್ಲಾ," ಎಂದು ನಾಲ್ಕು ಕಡೆಯಿಂದ ಕೂಗು ಬಂತು. ಮಹದೇವ ಒತ್ತಿದ.

ಮದುವೆ ಮಂಟಪ ಬಂತು. ದೀಪಿಕಳ ಪಕ್ಕದಲ್ಲಿ ಸಣ್ಣತಾಯಮ್ಮ, ತಲೆ ಮೇಲೆ ಸೆರಗು ಹೊದ್ದು, ಕಣ್ಣು ಮುಚ್ಚಿ ಸೋಬಾನೆ ಎತ್ತಿದ್ದಳು. ಹಲ್ಲಿಲ್ಲದ ಬಾಯಲ್ಲಿ ಅರ್ಧ ಮಾತು ಗಾಳಿಯಾಗಿ ಹೋಗುತ್ತಿತ್ತು, ಆದರೆ ದನಿ ಮಾತ್ರ ಬಾವಿಯ ನೀರಿನ ಹಾಗೆ ತಣ್ಣಗಿತ್ತು. ಮಂಗಳಮ್ಮ ಪರದೆಯ ಮುಂದೆ ಮೊಣಕಾಲೂರಿ ಕುಳಿತಳು. ಪದದ ನಡುವೆ ಮುದುಕಿ ಇದ್ದಕ್ಕಿದ್ದಂತೆ ನಿಲ್ಲಿಸಿ, ಕಣ್ಣು ಬಿಟ್ಟು, ನೇರ ಕ್ಯಾಮರಾ ನೋಡಿ ಕೇಳಿದಳು:

"ಲೇ ಮಾದೇವ, ನನ್ ಪದ ಬೀಳ್ತಾ ಅದ್ಯೇನ್ಲಾ ಇದ್ರಲ್ಲಿ? ಬಿದ್ದಿಲ್ದಿದ್ರೆ ಏಳು, ಇನ್ನೊಂದ್ ಸಲ ಏಳ್ತೀನಿ."

"ಏಳವ್ವಾ," ಎಂದಳು ಮಂಗಳಮ್ಮ ಅಳುತ್ತಾ, ನಗುತ್ತಾ. "ಇನ್ನೊಂದ್ ಸಲ ಏಳು."

ಮಹದೇವ ಮತ್ತೆ ಮೊದಲಿನಿಂದ ಹಾಕಿದ. ಅವತ್ತು ಸಣ್ಣತಾಯಮ್ಮ ಎಷ್ಟು ಸಲ ಹೇಳಿದಳೋ ಯಾರೂ ಎಣಿಸಲಿಲ್ಲ. ದೇವಿರಮ್ಮ ಮೇಡಂ ಎಲ್ಲರಿಗೂ ಕಾಫಿ ಕೊಟ್ಟರು. ಮಹದೇವನಿಗೆ ಲೋಟ ಕೊಡುವಾಗ, "ಕೊನೆಗೂ ಒಂದು ಹೋಮ್‌ವರ್ಕು ಸರಿಯಾಗಿ ಮಾಡಿದೆ ಕಣೋ," ಎಂದರು. ಅವನಿಗೆ ಕಣ್ಣು ಮಂಜಾಯಿತು.

ಮರುದಿನ ಮಹದೇವ ಪೊಲೀಸರಿಗೆ ದೂರು ಕೊಟ್ಟ. ಬೀಗದ ಕಳ್ಳನಿಗೆ ಬಿಡಿಗಾಸೂ ಹೋಗಲಿಲ್ಲ. ಕಂಪ್ಯೂಟರನ್ನೂ ಗೌರಿಯನ್ನೂ ಪೂರ್ತಿ ಅಳಿಸಿ ಹೊಸದು ಮಾಡಿಸಿ, ಕಾವೇರಿಯಿಂದ ಎಲ್ಲವನ್ನೂ ತುಂಬಿಸಿದ. ಟಿವಿ ರಿಮೋಟನ್ನು ಪುಷ್ಪಾ ದಾರ ಹಾಕಿ ಮೇಜಿನ ಕಾಲಿಗೆ ಕಟ್ಟಿದಳು. ತಟ್ಟೆಗೆ ಸಾರು ಬಂತು, ಅದೂ ಎರಡೆರಡು ಸಲ. ಡೈರಿ ಸಾಲಿನಲ್ಲಿ ಮಂಗಳಮ್ಮ ಸುದ್ದಿಯನ್ನು ತಿದ್ದಿ ಮತ್ತೆ ಹಂಚಿದಳು. "ಮಾದೇವಣ್ಣ ಎರಡು ಮಡಿಕ್ಕೊಂಡಿದ್ಕೇ ನಮ್ಮವ್ವ ಉಳುದ್ಲು ಕಣ್ರವ್ವ. ನಿಮ್ಮ ಮನೆಯೋರ್ಗೂ ಮಡಿಕ್ಕೊಳ್ಳೋಕೆ ಏಳಿ!" ಸಾಲಿನಲ್ಲಿದ್ದ ಗಂಡಸರಿಗೆ ಎತ್ತ ನೋಡಬೇಕೆಂದು ತಿಳಿಯಲಿಲ್ಲ.

ಮುಂದಿನ ಭಾನುವಾರ ಮಹದೇವ ಬ್ಯಾಗು ಹಿಡಿದು ಹೊರಡುವಾಗ ಪುಷ್ಪಾ ತನ್ನದೇ ಒಂದು ಹಳದಿ ರವಿಕೆ ಕಣ ತಂದು ಕೊಟ್ಟಳು. ಒಳಗೆ ಅವಳೇ ಕೊಡಿಸಿದ ಹೊಸ ಡಿಸ್ಕಿತ್ತು. ಅದನ್ನು ಬಿಚ್ಚಿ, ಡಿಸ್ಕೇ ಹೌದೆಂದು ಗಂಡನಿಗೆ ತೋರಿಸಿ, ಮತ್ತೆ ಸುತ್ತಿದಳು. "ಇದು ದುದ್ದದಲ್ಲಿ ಅತ್ತೆ ತಾವ ಇರ್ಲಿ. ಎಸ್ರು ನಾನೇ ಮಡಗಿವ್ನಿ."

"ಏನಂತ?"

"ಸಣ್ಣತಾಯಿ."

ಮಹದೇವ ಆ ಗಂಟನ್ನು ಜೋಪಾನವಾಗಿ ಬ್ಯಾಗಿನಲ್ಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ. ಎದುರುಮನೆಯ ಜಗಲಿಯಿಂದ ಮಂಗಳಮ್ಮ ಕೂಗಿದಳು, "ಎಲ್ಲಿಗೆ ಮಾದೇವಣ್ಣ, ಬ್ಯಾಗ್ ಇಡ್ಕೊಂಡು?"

ಅವನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಪುಷ್ಪಾ ಇಡೀ ಬೀದಿಗೆ ಕೇಳುವ ಹಾಗೆ ಉತ್ತರ ಕೊಟ್ಟಳು. "ಮೂರ್ನೇದು ಮಡಗೋಕೆ ಕಣ್ ಮಂಗಳಕ್ಕ! ನಾನೇ ಕಳಿಸ್ತಾ ಇವ್ನಿ!"